ಅಮೋಘಸಿದ್ದನ ಬಲಗಾಲು

ನಿಂಬರ್ಗಾದ ಅಮೋಘಸಿದ್ದ ಎಲ್ಲಿ ಕೂತರೂ ಅವನ ಬಲಗಾಲು ಮಾತ್ರ ಕೂರುತ್ತಿರಲಿಲ್ಲ. ಬೀಗರ ಮನೆಯ ಪಂಕ್ತಿಯಲ್ಲಿ, ಹೋಟೆಲಿನ ಬೆಂಚಿನ ಮೇಲೆ, ಕಡೆಗೆ ಸಾವಿನ ಮನೆಯ ಕಟ್ಟೆಯಲ್ಲೂ ಅದು ಇಲ್ಲದ ಆಕ್ಸಿಲರೇಟರನ್ನು ಒತ್ತುತ್ತಲೇ ಇರುತ್ತಿತ್ತು. ಎದುರಿನವರ ಮಾತು ಮುಗಿಯುವ ಮೊದಲೇ "ಆತಲ್ಲ, ಮುಂದ?" ಎಂದು ದಬ್ಬುವ ಚಾಳಿ ಬೇರೆ. ಬೇಸಿಗೆಯಲ್ಲೂ ಬಿಡದ ಖಾಕಿ ಕೋಟಿನ ಜೇಬಿನಲ್ಲಿ ಹಳೆಯದೊಂದು ಪಿಸ್ಟನ್ ರಿಂಗು. ಚಿಂತೆ ಹೆಚ್ಚಿದಾಗ ಅದನ್ನು ಬೆರಳಿಗೆ ಸಿಕ್ಕಿಸಿ ಗರಗರ ತಿರುಗಿಸುತ್ತಿದ್ದ.

ಚಿಂತೆ ಒಂದೇ. ಹಂಗಾಮಿನಲ್ಲಿ ಭೂಸನೂರ ಕಾರ್ಖಾನೆಗೆ ಕಬ್ಬು ಹೊರುವ ಅವನ ಲಾರಿ ಅಮಾವಾಸ್ಯೆಗೊಮ್ಮೆ ಊರಿನ ಹೆಂಗಸರನ್ನು ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನಕ್ಕೆ ಒಯ್ಯುತ್ತಿತ್ತು. ಕಬ್ಬಿನ ದಾರಿ ಸಮತಟ್ಟು, ಅಲ್ಲಿ ಹೇಗೋ ಮಾನ ಉಳಿಯುತ್ತಿತ್ತು. ಆದರೆ ಘತ್ತರಗಿ ಇನ್ನೇನು ಬಂತು ಎನ್ನುವಲ್ಲಿ ಒಂದು ಕಡಿದಾದ ಏರು. ಸವೆದ ಇಂಜಿನ್ ಅದರ ನಡುವೆ ಏದುಸಿರು ಬಿಟ್ಟು ನಿಂತುಬಿಡುವುದು, ಹೆಂಗಸರು ಒಬ್ಬೊಬ್ಬರಾಗಿ ಇಳಿಯುವುದು, ಹಗುರಾದ ಲಾರಿ ದಿನ್ನೆಯ ಮೇಲೆ ಹೋಗಿ ಅವರಿಗಾಗಿ ಕಾಯುವುದು. ಕನ್ನಡಿಯಲ್ಲಿ ಅವನಿಗೆ ತಾಯಿ ಗುರಮ್ಮ ಕಾಣುತ್ತಿದ್ದಳು: ಎಪ್ಪತ್ತರ ಮುದುಕಿ, ಮೊಣಕಾಲಿಗೆ ಕೈಯೂರಿ, ಬರಿಗಾಲಲ್ಲಿ. ಅವಳು ಒಂದು ದಿನವೂ ಗೊಣಗಲಿಲ್ಲ. ಗೊಣಗಿದ್ದರೆ ಅವನಿಗೆ ಇಷ್ಟು ನೋಯುತ್ತಿರಲಿಲ್ಲ.

ಎಂಬತ್ತನಾಲ್ಕನೇ ಇಸವಿಯಲ್ಲಿ ಅಫಜಲಪುರದ ದಶರಥ ಮಿಸ್ತ್ರಿಯ ಶೆಡ್ಡಿನಲ್ಲಿ ಇಂಜಿನ್ ಬಿಚ್ಚಿದಾಗ ಎದುರಿಗೆ ಎರಡು ದಾರಿಗಳಿದ್ದವು. ಇದ್ದ ಅಳತೆಯಲ್ಲೇ ಹೊಸ ಪಿಸ್ಟನ್ ಹಾಕಿ ಕಟ್ಟುವುದು ಒಂದು. ಪಿಸ್ಟನ್ನು ಇನ್ನಷ್ಟು ದೂರ ಏರಿಳಿಯುವಂತೆ ದೊಡ್ಡ ಸ್ಟ್ರೋಕಿನ ಕ್ರ್ಯಾಂಕ್ ಕೂರಿಸಿ, ಅದೇ ಇಂಜಿನ್ನಿನಿಂದ ಹೆಚ್ಚು ಬಲ ಹಿಂಡುವುದು ಇನ್ನೊಂದು.

"ದೊಡ್ಡ ಕ್ರ್ಯಾಂಕ್ ಎರಡು ಸೀಜನ್ ಕುಣೀತದ್ರಿ, ಆಮ್ಯಾಲ ಇಂಜಿನ್ ಬ್ಲಾಕೇ ಸೀಳತದ," ಎಂದ ದಶರಥ. "ಇದ್ದದ್ದೇ ಕಟ್ಟಿದರ ಹತ್ತು ವರ್ಷ ದುಡೀತದ."

"ಆ ಏರು ಹತ್ತತದೇನು?"

"ಹತ್ತಿದರೂ ಹತ್ತಬಹುದ್ರಿ."

ಆ 'ಬಹುದು' ಅವನ ನೆಮ್ಮದಿ ಕೆಡಿಸಿತು. ಮೂರು ದಿನ ಶೆಡ್ಡಿಗೂ ರಸ್ತೆಗೂ ಶತಪಥ ತಿರುಗಿದ. ಇದ್ದದ್ದೇ ಇರಲಿ ಎಂದು ಹೇಳಿ ಚಹಾಕ್ಕೆ ಹೋದವನು, ಅರ್ಧ ಕಪ್ಪು ಬಿಟ್ಟು ಓಡಿಬಂದು ಬೇಡವೆಂದ. ಮನೆ ನಡೆಯುವುದೇ ಆ ಲಾರಿಯಿಂದ. ಬ್ಲಾಕ್ ಸೀಳಿದರೆ ಒಲೆ ಆರುತ್ತದೆ. ಅದು ಅವನಿಗೆ ಗೊತ್ತಿತ್ತು. ಆದರೂ ಕಣ್ಣು ಮುಚ್ಚಿದರೆ ಆ ಮೊಣಕಾಲುಗಳೇ. ನಾಲ್ಕನೆಯ ದಿನ ದೊಡ್ಡ ಕ್ರ್ಯಾಂಕನ್ನೇ ಕೂರಿಸಿದ.

ಮುಂದಿನ ಅಮಾವಾಸ್ಯೆ ಲಾರಿ ಏರನ್ನು ಒಂದೇ ದಮ್ಮಿಗೆ ಹತ್ತಿತು. ಅಮೋಘಸಿದ್ದನ ಎದೆ ಉಬ್ಬಿತು, ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಹಿಂದಿನಿಂದ ಕ್ಯಾಬಿನ್ನಿಗೆ ದಬದಬ ಬಡಿತ. ನಿಲ್ಲಿಸಿ ಓಡಿಹೋದರೆ ತಾಯಿ ಕೆಂಡವಾಗಿದ್ದಳು.

"ಯಾಕ ನಿಂದ್ರಸಲಿಲ್ಲಲೇ? ಗುಡಿ ಶಿಖರ ಕಂಡಮ್ಯಾಲ ನಾ ಎಂದಾರ ಗಾಡ್ಯಾಗ ಕುಂತೀನೇನು? ಈ ಏರು ನಡದೇ ಹತ್ತತೇನಂತ ನೀ ಹುಟ್ಟಿದಾಗ ಬೇಡಿಕೊಂಡೇನಿ!"

"ಯವ್ವಾ, ಒಂದಿನಾನೂ ಹೇಳಲಿಲ್ಲಲ್ಲ!"

"ನಿನ್ನ ಗಾಡಿ ತಾನೇ ನಿಂದ್ರತಿತ್ತು, ಏನಂತ ಹೇಳಲಿ? ಹಿಂದಕ್ಕ ಹೊಡಿ."

ಅವನು ಲಾರಿಯನ್ನು ಹಿಮ್ಮುಖವಾಗಿ ಏರಿನ ಬುಡಕ್ಕೆ ಇಳಿಸಿದ. ಹೆಂಗಸರೆಲ್ಲ ಇಳಿದು ನಡೆದರು. ಆ ಬಲ ಹೆಚ್ಚಿಸಿದ ಇಂಜಿನ್ನನ್ನು ಒಂದನೇ ಗೇರಿನಲ್ಲಿ ಬಿಗಿಹಿಡಿದು, ತಾಯಿಯ ಹೆಜ್ಜೆಗೆ ಸರಿಯಾಗಿ, ಅವರ ಹಿಂದೆ ಹಿಂದೆ ಹತ್ತಿಸಿದ.

ದಶರಥ ಹೇಳಿದಂತೆ ಮೂರನೆಯ ಹಂಗಾಮಿಗೆ ಬ್ಲಾಕ್ ಸೀಳಿತು. ಆರು ತಿಂಗಳು ಪರರ ಲಾರಿ ಓಡಿಸಿ, ತನ್ನದಕ್ಕೆ ಹಳೆಯ ಅಳತೆಯ ಇಂಜಿನ್ನನ್ನೇ ಕಟ್ಟಿಸಿದ. ಬಲಗಾಲು ಮಾತ್ರ ಕೊನೆಯವರೆಗೂ ನಿಲ್ಲಲಿಲ್ಲ. ಇಂಥವರು ನಮ್ಮ ನಡುವೆ ಬಹಳ ಮಂದಿ. ತಮ್ಮವರ ನೋವನ್ನು ತಾವೇ ಊಹಿಸಿ, ತಾವೇ ನೊಂದು, ಮನೆಯ ಅನ್ನವನ್ನೇ ಪಣಕ್ಕಿಟ್ಟು ಅದನ್ನು ತೀರಿಸಹೊರಡುತ್ತಾರೆ. ಇಷ್ಟೆಲ್ಲ ಮಾಡಬಲ್ಲವರಿಗೆ, ಪಕ್ಕದಲ್ಲಿ ಕೂತು "ಯವ್ವಾ, ಕಾಲು ನೋಯ್ತಾವೇನು?" ಎಂದು ಕೇಳುವುದೊಂದು ಆಗುವುದಿಲ್ಲ.