ಮೂರನೇ ಮನೆಯ ವಾಕಿಟಾಕಿ

ಮಂಜು ಬಿಡುವ ಯಂತ್ರ ಬುಸ್ಸೆಂದು ಶುರುವಾಗುವಷ್ಟರಲ್ಲಿ ಗಂಗಲಕ್ಷ್ಮಮ್ಮ ವಾಕಿಟಾಕಿಗೆ ಪ್ಲಾಸ್ಟಿಕ್ ಕವರ್ ತೊಡಿಸಿದ್ದಳು. ಸಾಸಿವೆ ತಂದ ಕವರು, ತೊಳೆದು ಒಣಗಿಸಿದ್ದು. ತೇವ ಒಳಗೆ ನುಸುಳಬಾರದೆಂದು ಮೇಲೊಂದು ರಬ್ಬರ್ ಬ್ಯಾಂಡನ್ನು ಎರಡು ಸುತ್ತು ಎಳೆದು ಹಾಕಿದಳು. ಅದೂ ಸಾಲದೆನಿಸಿ ಇನ್ನೊಂದು ಸುತ್ತು ಬಿಗಿದಳು. ಆಮೇಲೆ ಗುಲಾಬಿ ಗಿಡಗಳು ವಾಲದಂತೆ ಕಟ್ಟಿದ್ದ ತಂತಿಗೆ ಅದನ್ನು ತನ್ನ ಮುಖದ ಮಟ್ಟದಲ್ಲಿ ನೇತು ಹಾಕಿ ಕತ್ತರಿ ಕೈಗೆತ್ತಿಕೊಂಡಳು.

ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ರಸ್ತೆಯ ಬದಿಯಲ್ಲಿದ್ದ ಆ ಗುಲಾಬಿ ತೋಟದಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಪಾಲಿಹೌಸುಗಳನ್ನು ಎಲ್ಲರೂ ಮನೆ ಎಂದೇ ಕರೆಯುತ್ತಿದ್ದರು. ಮನೆಗೊಂದು ವಾಕಿಟಾಕಿ, ಮೂರನೇ ಮನೆಯದು ಗಂಗಲಕ್ಷ್ಮಮ್ಮನ ಪಾಲಿಗೆ. ಉಳಿದವರ ಸೆಟ್ಟುಗಳ ಪಾಡು ಕೇಳಬಾರದು. ಒಂದು ನೀರಿನ ಬಕೆಟ್ಟಿಗೆ ಬಿದ್ದೆದ್ದಿತ್ತು, ಇನ್ನೊಂದರ ಬಾಯಿಗೆ ಗೊಬ್ಬರ ಮೆತ್ತಿಕೊಂಡು ಮಾತೆಲ್ಲ ನೆಗಡಿ ಹಿಡಿದಂತೆ ಬರುತ್ತಿತ್ತು. "ಏರಿಯಲ್ ಹಿಡ್ಕೊಂಡು ಎತ್ಬೇಡಿ, ಅದೇನ್ ಕೋಳಿ ಕತ್ತಾ?" ಎಂದು ಸೂಪರ್‌ವೈಸರ್ ಚಲಪತಿ ದಿನಾ ಗೊಣಗುತ್ತಿದ್ದ. ಅವನ ಮಾತನ್ನು ಕಿವಿಗೆ ಹಾಕಿಕೊಂಡವಳು ಗಂಗಲಕ್ಷ್ಮಮ್ಮ ಒಬ್ಬಳೇ. ಸಂಜೆ ಒಣಬಟ್ಟೆಯಲ್ಲಿ ಒರೆಸಿ, ಸ್ಪೀಕರಿನ ಸಂದಿಗಳನ್ನು ಹಳೆಯ ಬ್ರಷ್ಷಿನಲ್ಲಿ ಉಜ್ಜಿ, ತಾನೇ ಚಾರ್ಜಿಗೆ ಕೂರಿಸಿದ ಮೇಲೇ ಅವಳು ಮನೆಗೆ ಹೊರಡುತ್ತಿದ್ದುದು. ಜೊತೆಯವರು ಆಡಿಕೊಂಡು ನಗುತ್ತಿದ್ದರು. ನಗಲಿ, ಅವಳಿಗೇನು.

ಅವಳ ಈ ಅಕ್ಕರೆಗೆ ಕಾರಣ ಆ ಡಬ್ಬಿಯಲ್ಲ, ಅದರೊಳಗಿಂದ ಬರುವ ದನಿ. ಹೂ ಕಟ್ಟಿ ಇಡುವ ಕೋಲ್ಡ್ ರೂಮಿನಲ್ಲಿ ಸೊಸೆ ರಮ್ಯ ಕೆಲಸಕ್ಕಿದ್ದಳು, ಹೂವಿನ ಲೆಕ್ಕ ಕೇಳುವ ದನಿ ಅವಳದೇ. ಮಗ ರಾಜೇಂದ್ರ ಜ್ವರ ಬಂದು ಹೋಗಿಬಿಟ್ಟ ಮೇಲೆ ಮಕ್ಕಳಿಲ್ಲದ ಆ ಹುಡುಗಿ ತವರಿಗೆ ಹೋಗದೆ ಅತ್ತೆಯ ಜೊತೆಗೇ ಉಳಿದಳು. ಇಬ್ಬರೂ ಒಟ್ಟಿಗೇ ಈ ತೋಟಕ್ಕೆ ಸೇರಿದ್ದರು, ಒಂದೇ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಈಗ ಕೆಲವು ದಿನಗಳಿಂದ ಮನೆಯಲ್ಲಿ ಇಬ್ಬರ ನಡುವೆ ಮಾತಿಲ್ಲ. ಜಗಳವೇನೂ ಆಗಿರಲಿಲ್ಲ. ಹೂವಿನ ಪೆಟ್ಟಿಗೆಗಳನ್ನು ವಿಮಾನಕ್ಕೆ ಸಾಗಿಸುವ ವ್ಯಾನಿನ ಡ್ರೈವರ್ ವಿಜಯ್‌ನ ದೊಡ್ಡಮ್ಮ ಬಂದು, ರಮ್ಯಳನ್ನು ತಮ್ಮ ಹುಡುಗನಿಗೆ ಕೊಡುತ್ತೀರಾ ಎಂದು ಕೇಳಿ ಹೋಗಿದ್ದಳು. "ಅತ್ತೆ ಹೂಂ ಅಂದ್ರೆ ಮಾತ್ರ" ಎಂದಿದ್ದಳು ರಮ್ಯ. ಯೋಚನೆ ಮಾಡಿ ಹೇಳುತ್ತೇನೆಂದ ಅತ್ತೆ ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಮಂಜು ನಿಧಾನವಾಗಿ ಇಳಿಯತೊಡಗಿತು. ಹೊರಗೆ ಸುಡುವ ಬಿಸಿಲು. ಒಳಗೆ ಬಿಳಿಯ ಚಾವಣಿ, ಬಿಳಿಯ ಗಾಳಿ, ಯಾವುದಕ್ಕೂ ನೆರಳಿಲ್ಲ. ಕೈಗೆಟುಕುವಷ್ಟು ದೂರದ ಹೂಗಳು ಕೆಂಪಗಿದ್ದವು, ಅದರಾಚೆಯವು ನಸುಗೆಂಪು, ಇನ್ನೂ ಆಚೆಗೆ ಹೂವೋ ಮಂಜೋ ತಿಳಿಯುತ್ತಿರಲಿಲ್ಲ. ಈ ಹೊತ್ತಿನಲ್ಲಿ ಅವಳಿಗೆ ಕಾಲ ನಿಂತಂತಾಗುತ್ತಿತ್ತು. ಸಾಲಿನ ಆ ತುದಿಯಲ್ಲಿ ರಾಜೇಂದ್ರ ನಿಂತಿದ್ದಾನೆ ಎಂದುಕೊಂಡರೆ ಅಲ್ಲವೆನ್ನಲು ಏನೂ ಕಾಣುತ್ತಿರಲಿಲ್ಲ. ಅವಳು ಅವನ ಜೊತೆ ಮಾತಾಡುತ್ತಿದ್ದಳು. ಇಂದೂ ಮಾತಾಡಿದಳು.

"ರಾಜೇಂದ್ರ, ನಿನ್ ಹೆಂಡ್ತೀನ ಕೇಳ್ಕೊಂಡ್ ಬಂದವ್ರೆ ಕಣಪ್ಪ. ವ್ಯಾನ್ ಓಡುಸ್ತಾನಲ್ಲ, ವಿಜಯ, ಅವ್ನಿಗೆ. ಏನಾದ್ರೂ ಕುಂದು ಹೇಳಣ ಅಂದ್ರೆ ಒಂದೂ ಸಿಕ್ಲಿಲ್ಲ. ಚೆನ್ನಾಗೇ ಹುಡುಕ್ದೆ."

ಕತ್ತರಿ ಒಂದು ಕಡ್ಡಿಯನ್ನು ಕತ್ತರಿಸಿ ಮುಂದಿನದಕ್ಕೆ ಹೋಯಿತು.

"ಮೊನ್ನೆ ವ್ಯಾನ್ ಹತ್ರ ನಿಂತ್ಕೊಂಡು ನಗಾಡ್ತಿದ್ಲು. ನೀನ್ ಹೋದ್ಮೇಲೆ ಆ ನಗು ಕೇಳೇ ಇರ್ಲಿಲ್ಲ ನಾನು. ಸಂತೋಷ ಪಡ್ಬೇಕು ತಾನೆ? ಹೊಟ್ಟೆ ಉರೀತು ಕಣೋ. ನಿನ್ ಮೇಲಿನ ಪ್ರೀತಿಗಲ್ಲ, ನಿನ್ ಹತ್ರ ಯಾಕ್ ಸುಳ್ಳು. ಅವ್ಳು ಹೋದ್ರೆ ಸಾಯಂಕಾಲ ಬೀಗ ತೆಗ್ದು ನಾನ್ ಯಾರ್ ಜೊತೆ ಮಾತಾಡ್ಲಿ? ಅದುಕ್ಕೆ. ದಿನಾ ಹೂಂ ಅನ್ಬೇಕು ಅಂತ್ಲೇ ಏಳ್ತೀನಿ. ಅವ್ಳ್ ಮುಖ ಕಂಡ್ರೆ ನಾಲ್ಗೆ ಬಿದ್ದೋಯ್ತದೆ. ನೀನೇ ಹೇಳ್ಬಿಡಪ್ಪ. ಕನಸಲ್ಲಾದ್ರೂ ಹೋಗಿ ಹೇಳು, ಅಮ್ಮ ಒಪ್ಕೊಂಡವ್ಳೆ ಅಂತ. ಚಿಕ್ ವಯಸ್ಸು ಅವ್ಳದು. ನನ್ ಮುಖ ನೋಡ್ಕೊಂಡ್ ಎಷ್ಟ್ ದಿನ ಅಂತ ಕೂತಿರ್ತಾಳೆ?"

ಹೇಳಿ ಮುಗಿಸಿದಾಗ ಎದೆ ಹಗುರಾಗಿತ್ತು. ಇನ್ನೊಂದಷ್ಟು ಹೂ ಕೊಯ್ದಳು. ಆಗಲೇ ಅವಳಿಗೆ ಹೊಳೆದದ್ದು, ವಾಕಿಟಾಕಿ ಬಹಳ ಹೊತ್ತಿನಿಂದ ಉಸಿರೇ ಎತ್ತಿಲ್ಲ. ಚಲಪತಿಯ ಗೊಣಗಾಟವಿಲ್ಲ, ನೀರಿನ ಮೋಟಾರಿನವನ ಕೂಗಿಲ್ಲ. ಕೆಟ್ಟಿತೇ ಎಂದು ಗಾಬರಿಯಾಗಿ ತಂತಿಯಿಂದ ಬಿಡಿಸಿಕೊಂಡಳು. ಡಬ್ಬಿ ಬಿಸಿಯಾಗಿತ್ತು. ಕವರಿನ ಮೇಲೆ ಕೂತಿದ್ದ ಹನಿಗಳನ್ನು ಸೆರಗಿನಿಂದ ಒರೆಸಿದರೆ ಒಳಗೆ ಕೆಂಪು ದೀಪ ಉರಿಯುತ್ತಿದೆ. ಬಟನ್ ಒತ್ತಿ ತಾನು ಮಾತಾಡುವಾಗ ಮಾತ್ರ ಉರಿಯುವ ದೀಪ. ಮೂರು ಸುತ್ತಿನ ರಬ್ಬರ್ ಬ್ಯಾಂಡು ಪಕ್ಕದ ಆ ಬಟನ್ನಿನ ಮೇಲೇ ಕೂತು, ಬೇರೆ ಯಾರ ದನಿಯೂ ಬರದಂತೆ ಅದನ್ನು ಅದುಮಿ ಹಿಡಿದಿತ್ತು.

ತೇವ ತಾಗದಿರಲೆಂದು ಮಾಡಿದ ಉಪಚಾರ ಅವಳ ಮನಸ್ಸನ್ನು ತೋಟದ ತುಂಬ ಹರವಿಬಿಟ್ಟಿತ್ತು. ಬ್ಯಾಂಡ್ ಕಿತ್ತಳು. ದೀಪ ಆರಿತು. ಈಗ ನಗು ಬರುತ್ತದೆ, ಈಗ ಯಾರಾದರೂ ಛೇಡಿಸುತ್ತಾರೆ ಎಂದು ಸೆಟ್ಟನ್ನು ಕೊರಳಿಗೆ ನೇತು ಹಾಕಿಕೊಂಡು ಕಿವಿಗೊಟ್ಟು ನಿಂತಳು. ಏನೂ ಬರಲಿಲ್ಲ.

ಬಾಗಿಲಿನ ಪ್ಲಾಸ್ಟಿಕ್ ಪರದೆ ಸರಿದ ಸದ್ದಾಯಿತು. ಮಂಜಿನೊಳಗೆ ಯಾರೋ ಬರುತ್ತಿದ್ದರು, ಮೊದಲು ಬರೀ ಬಿಳುಪು, ಆಮೇಲೆ ಆಕಾರ, ಆಮೇಲೆ ರಮ್ಯ. ಕೋಲ್ಡ್ ರೂಮಿನ ದಪ್ಪ ಜಾಕೆಟ್ಟನ್ನೂ ಬಿಚ್ಚದೆ ಬಂದಿದ್ದಳು. ಹುಬ್ಬಿನ ಮೇಲೆಲ್ಲ ಸಣ್ಣ ಹನಿಗಳು.

"ಎಲ್ರೂ ಕೇಳುಸ್ಕೊಂಡ್ರಾ?" ಗಂಗಲಕ್ಷ್ಮಮ್ಮ ತಲೆ ಎತ್ತಲಿಲ್ಲ.

"ಮೊದ್ಲೆರಡ್ ಮಾತಷ್ಟೇ ಕೇಳುಸ್ತು. ನೀವು ಅವ್ರ್ ಹೆಸ್ರು ಹಿಡ್ದು ಕರೆದ್ ತಕ್ಷಣ ಚಲಪತಿ ಸರ್ ಆಫೀಸಿಂದ ಓಡ್ಬಂದು ಒಂದೊಂದು ಮನೆಗೂ ಹೋಗಿ ಸೆಟ್ ಆಫ್ ಮಾಡ್ಸಿದ್ರು."

"ನಿಂದು?"

"ನನ್ ಹತ್ರಾನೂ ಬಂದ್ರು. ನನ್ ಮುಖ ನೋಡಿ ನನ್ ಸೆಟ್ ಹಂಗೇ ಬಿಟ್ರು."

"ಅವನು ಇಲ್ಲಿಗ್ ಬಂದು ನಂಗೊಂದ್ಮಾತು ಹೇಳ್ಬಾರ್ದಿತ್ತಾ?"

"ಬರಕ್ ಹೊರಟ್ರು. ನಾನೇ ಬೇಡ ಅಂದೆ." ರಮ್ಯ ಮೂಗೊರೆಸಿಕೊಂಡಳು. "ಇಷ್ಟ್ ದಿನದಲ್ಲಿ ನಿಮ್ ಮನ್ಸಲ್ಲಿರೋದು ಕೇಳ್ಸಿದ್ದೇ ಇವತ್ತು ಅತ್ತೆ. ಹೆಂಗ್ ನಿಲ್ಸಿ ಅನ್ಲಿ?"

ಗಂಗಲಕ್ಷ್ಮಮ್ಮನಿಗೆ ನಾಚಿಕೆಯೂ ಆಯಿತು, ಹೇಳುವ ಕಷ್ಟ ತಪ್ಪಿತಲ್ಲ ಎಂಬ ಸಮಾಧಾನವೂ ಆಯಿತು. "ಇನ್ನೇನ್ ಮತ್ತೆ, ಎಲ್ಲಾ ಗೊತ್ತಾಯ್ತಲ್ಲ" ಎಂದು ಕೊಯ್ದ ಹೂವಿನ ಬಕೆಟ್ಟಿನ ಕಡೆ ಬಾಗಿದಳು.

"ಇಲ್ಲ. ಅದು ಅವ್ರಿಗೆ ಹೇಳಿದ್ದು. ನಂಗಿನ್ನೂ ಹೇಳಿಲ್ಲ ನೀವು."

ರಮ್ಯ ದಾರಿ ಬಿಡದೆ ನಿಂತಿದ್ದಳು. ಮಂಜಿನ ಯಂತ್ರ ತಾನಾಗಿಯೇ ನಿಂತಿತು. ಮನೆಯ ಉದ್ದಕ್ಕೂ ಎಲೆಗಳಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು. ಇಷ್ಟು ಹೊತ್ತು ಗಾಳಿಯ ಜೊತೆ ಸರಾಗವಾಗಿ ಮಾತಾಡಿದವಳು ಈಗ ಕತ್ತರಿಯನ್ನು ಬಕೆಟ್ಟಿನ ಅಂಚಿಗೆ ಸಿಕ್ಕಿಸಿದಳು. ಕಣ್ಣೆತ್ತಿ ಸೊಸೆಯ ಮುಖವನ್ನು ನೋಡಿದಳು. ಎಷ್ಟು ದಿನದಿಂದ ಸರಿಯಾಗಿ ನೋಡಿರಲಿಲ್ಲವೋ. ಆ ಮುಖ ಇನ್ನು ತನ್ನ ಮನೆಯಲ್ಲಿ ಇರುವುದಿಲ್ಲ ಎಂದು ನೆನೆದಾಗ ಸಂಕಟವಾಯಿತು, ಆ ಸಂಕಟದೊಳಗಿಂದಲೇ ಮಾತು ಹೊರಟಿತು.

"ಭಾನುವಾರ ಬರಕ್ಕೇಳು ಅವ್ರನ್ನ. ಅಡ್ಗೆ ನಾನ್ ಮಾಡ್ತೀನಿ. ಒಪ್ಗೆ ಇದೆ ಕಣಮ್ಮ ನಂಗೆ. ಹೋಗು, ಚೆನ್ನಾಗಿರು."

ಹೊರಗೆ ತೋಟದಲ್ಲಿ ಒಂದೊಂದೇ ಸೆಟ್ಟು ಆನ್ ಆಗತೊಡಗಿರಬೇಕು. ಯಾರೋ ಕೆಮ್ಮಿದರು, ಯಾರೋ ಹಲೋ ಎಂದು ಸುಮ್ಮನಾದರು. ಆಮೇಲೆ ಚಲಪತಿಯ ದನಿ ಎಂದಿಗಿಂತ ಮೆತ್ತಗೆ, ಅತ್ತೆಯ ಕೊರಳಲ್ಲಿದ್ದ ಸೆಟ್ಟಿನಿಂದಲೂ ಸೊಸೆಯ ಜೇಬಿನಲ್ಲಿದ್ದ ಸೆಟ್ಟಿನಿಂದಲೂ ಒಟ್ಟಿಗೇ ಬಂತು. "ಮೋಟಾರ್ ಹಾಕಿದ್ದೀನಿ. ನೀರು ಬರ್ತಿದ್ಯಾ, ಯಾರಾದ್ರೂ ಹೇಳಿ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ. ಉತ್ತರ ಕೊಡಬೇಕಾದರೆ ಬಟನ್ ಒತ್ತಬೇಕಿತ್ತು. ಇಬ್ಬರ ಕೈಗಳೂ ಒಂದನ್ನೊಂದು ಹಿಡಿದುಕೊಂಡಿದ್ದವು, ಬಿಡುವ ಹಾಗೆ ಕಾಣಲಿಲ್ಲ.