ಡಬ್ಬಿ ಮಾಮನ ಕೈಗಳು

ಐದು ವರ್ಷ ನಾನು ವಾರಕ್ಕೆ ಎರಡು ಸಲ, ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಟಿವಿಯಲ್ಲಿ ಬರುತ್ತಿದ್ದೆ. ಒಬ್ಬರೂ ನನ್ನನ್ನು ಗುರುತು ಹಿಡಿಯುತ್ತಿರಲಿಲ್ಲ. ಬರುತ್ತಿದ್ದದ್ದು ನನ್ನ ಎರಡು ಕೈ ಮಾತ್ರ, ಅದೂ ಮಣಿಕಟ್ಟಿನಿಂದ ಈಚೆಗೆ.

ಕಾರ್ಯಕ್ರಮದ ಹೆಸರು ‘ಡಬ್ಬಿ ಮಾಮನ ಮನೆ’. ಇನ್ನೂ ಶಾಲೆಗೆ ಸೇರದ ಪುಟ್ಟ ಮಕ್ಕಳಿಗಾಗಿ ಮಾಡಿದ್ದು. ಮಾಮ ಒಂದು ಖಾಲಿ ರಟ್ಟಿನ ಡಬ್ಬಿ ಎತ್ತಿ ಹಿಡಿದು, “ಇದು ಡಬ್ಬಿಯಾ? ಅಲ್ಲವೇ ಅಲ್ಲ!” ಅನ್ನುತ್ತಿದ್ದರು. ಹಾಡು ಶುರುವಾಗುತ್ತಿತ್ತು. ಹಾಡು ಮುಗಿಯುವ ಹೊತ್ತಿಗೆ ಡಬ್ಬಿ ಆಮೆಯೋ ಹಡಗೋ ಹಲ್ಲಿನ ಡಾಕ್ಟರ ಕುರ್ಚಿಯೋ ಆಗಿರುತ್ತಿತ್ತು. ಆಮೇಲೆ ಮಾಮನೇ ರೋಗಿ, ಮಾಮನೇ ಡಾಕ್ಟರು, ಸುತ್ತ ಕೂತ ಮಕ್ಕಳೆಲ್ಲ ನೋಯುವ ಹಲ್ಲುಗಳು.

ಮಾಮ ಆರಡಿ ಆಳು, ನಾಟಕದಿಂದ ಬಂದವರು. ಬಾಯಿ ತೆರೆದರೆ ಸ್ಟುಡಿಯೋ ತುಂಬುವ ದನಿ. ಆದರೆ ಕೈಗೆ ಕತ್ತರಿ ಕೊಟ್ಟರೆ ಮುಗಿಯಿತು. ವೃತ್ತ ಕತ್ತರಿಸಿ ಅಂದರೆ ಆಲೂಗಡ್ಡೆ ಕತ್ತರಿಸುತ್ತಿದ್ದರು. ಗೋಂದು ಮುಟ್ಟಿದರೆ ಕಾಗದಕ್ಕಿಂತ ಮೊದಲು ಗಡ್ಡಕ್ಕೆ ಅಂಟಿಸಿಕೊಳ್ಳುತ್ತಿದ್ದರು. ಅದಕ್ಕೇ ನಾನು. ಚಪ್ಪಲಿ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಏಳು ವರ್ಷ ರಟ್ಟು ಮಡಚಿದವಳು. ಕಣ್ಣು ಮುಚ್ಚಿಕೊಂಡು ಡಬ್ಬಿ ಜೋಡಿಸುತ್ತಿದ್ದೆ. ಕ್ಯಾಮೆರಾ ಕೈಗಳ ಹತ್ತಿರ ಬರಬೇಕಾದಾಗ ಚಿತ್ರೀಕರಣ ನಿಲ್ಲಿಸಿ, ಮಾಮನ ಕೋಟಿನಂಥದೇ ತೋಳು ನನಗೆ ತೊಡಿಸಿ, ನನ್ನ ಕೈ ತೋರಿಸುತ್ತಿದ್ದರು. ಕಾರ್ಖಾನೆಯ ಕೆಲಸಕ್ಕೆ ನನ್ನ ಕೈಯೂ ದಪ್ಪಗೆ ಒರಟಾಗಿತ್ತು, ನೋಡಿದವರಿಗೆ ಅನುಮಾನ ಬರುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ದಿನವೇ ನಿರ್ದೇಶಕಿ ಹೇಳಿದ್ದರು: “ಈ ಕೈ ನಿಮ್ಮದು ಅಂತ ಹೊರಗೆ ಯಾರಿಗೂ ಗೊತ್ತಾಗಬಾರದು. ಮಕ್ಕಳು ಮಾಮನೇ ಎಲ್ಲಾ ಮಾಡ್ತಾರೆ ಅಂತ ನಂಬಿದ್ದಾರೆ. ಅವರ ಮನಸ್ಸು ಮುರಿಯೋದು ಬೇಡ.”

ನಮ್ಮ ಮನೆಯಲ್ಲಿ ಮೂರು ಜನ. ನಾನು, ನಮ್ಮಮ್ಮ, ನಾಲ್ಕೂವರೆ ವರ್ಷದ ನನ್ನ ಮಗಳು. ಒಂದು ಕಡೆ ನಿಲ್ಲದೆ ತಿರುಗುತ್ತಿದ್ದಳು ಅಂತ ಅವಳಿಗೆ ಬುಗುರಿ ಅಂತಲೇ ಹೆಸರಾಗಿತ್ತು. ಅಮ್ಮನಿಗೆ ಗುಟ್ಟು ಗೊತ್ತಿತ್ತು. ಬುಗುರಿಗೆ ಗೊತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ನಾನು ಡಬ್ಬಿ ಮಾಮನ ಆಫೀಸಿನಲ್ಲಿ ಕಸ ಗುಡಿಸಿ ಡಬ್ಬಿ ಜೋಡಿಸಿಡುವವಳು. ಅವಳ ಜೊತೆ ಕೂತು ನಾನು ಕಾಗದದ ಕಪ್ಪೆ ಮಾಡಿದರೆ, ತಿರುಗಿಸಿ ಮುರುಗಿಸಿ ನೋಡಿ, “ಪರವಾಗಿಲ್ಲ ಅಮ್ಮ. ಆದ್ರೆ ಡಬ್ಬಿ ಮಾಮ ಇನ್ನೂ ಚೆನ್ನಾಗಿ ಮಾಡ್ತಾರೆ,” ಅನ್ನುತ್ತಿದ್ದಳು. ನಮ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡುತ್ತಿದ್ದಳು.

ಐನೂರನೇ ಕಂತು ಹತ್ತಿರ ಬಂತು. ಚಾನೆಲ್ಲಿನವರು ಅದನ್ನು ನೇರ ಪ್ರಸಾರ ಮಾಡಬೇಕು ಅಂತ ತೀರ್ಮಾನಿಸಿದರು. ಐದು ಮಕ್ಕಳು, ಅರ್ಧ ಗಂಟೆ, ನಿಲ್ಲಿಸುವ ಹಾಗಿಲ್ಲ, ಕತ್ತರಿಸುವ ಹಾಗಿಲ್ಲ. ಸುದ್ದಿ ಕೇಳಿ ಮಾಮನ ಮುಖ ಬಿಳಿಚಿಕೊಂಡಿತು.

“ನಾನು ಕತ್ತರಿ ಹಿಡಿದರೆ ಐನೂರನೇದೇ ಕೊನೇದಾಗುತ್ತೆ,” ಅಂದರು.

ನಿರ್ದೇಶಕಿ ಪೆನ್ಸಿಲ್ ಕಚ್ಚಿಕೊಂಡು ಇಡೀ ಸ್ಟುಡಿಯೋ ಎರಡು ಸುತ್ತು ಹಾಕಿ ಬಂದರು. “ಒಂದು ದಾರಿ ಇದೆ,” ಅಂದರು. ಅವರ ಕಣ್ಣು ಹೊಳೆಯುತ್ತಿತ್ತು.

ದಾರಿ ಇಷ್ಟೇ. ಮಾಮ ಮೇಜಿನ ಹಿಂದೆ ರಟ್ಟಿನ ಮನೆಯ ಕಿಟಕಿಗೆ ಬೆನ್ನು ಕೊಟ್ಟು ಕೂರುವುದು. ಅವರ ಕೈಗಳು ಕೋಟಿನ ಒಳಗೇ ಇರುವುದು. ನಾನು ಕಿಟಕಿಯ ಆಚೆ, ಪರದೆಯ ಹಿಂದೆ ಕೂತು, ಕೋಟಿನ ತೋಳುಗಳಲ್ಲಿ ನನ್ನ ಕೈ ತೂರಿಸುವುದು. ಮಾತು, ಹಾಡು, ಮುಖ ಅವರದು. ಕೈ ನನ್ನದು.

ಎರಡು ವಾರ ಅಭ್ಯಾಸ ಮಾಡಿದೆವು. ನನಗೆ ಅವರ ಬೆನ್ನಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಬಲಕ್ಕೆ ಕತ್ತರಿ, ಅದರಾಚೆ ಗೋಂದು, ಎಡಕ್ಕೆ ನಾಲ್ಕು ಚಕ್ರ ಅಂತ ಮೇಜನ್ನೇ ಬಾಯಿಪಾಠ ಮಾಡಿಕೊಂಡೆ. ಡಬ್ಬಿಯಿಂದ ಬಸ್ಸು ಮಾಡಬೇಕಿತ್ತು. ಮೊದಲ ದಿನ ಮಾಮನ ಮೂಗಿಗೇ ಗೋಂದು ಹಚ್ಚಿದೆ. ಹತ್ತನೇ ದಿನ ನಾನು ಅವರ ಕನ್ನಡಕ ತೆಗೆದು, ಒರೆಸಿ, ಮತ್ತೆ ಮೂಗಿನ ಮೇಲೆ ಕೂರಿಸಿದಾಗ ಲೈಟಿನವರು, ಧ್ವನಿಯವರು ಎಲ್ಲ ಚಪ್ಪಾಳೆ ತಟ್ಟಿದರು. ನಮಗಂತೂ ಹುಚ್ಚು ಉಮೇದು!

ಆ ದಿನ ಅಮ್ಮ ಮತ್ತು ಬುಗುರಿ ಇಬ್ಬರೂ ನನ್ನ ಜೊತೆ ಬಂದರು. ಸಿಬ್ಬಂದಿಯ ಮನೆಯವರಿಗೆಲ್ಲ ಕರೆ ಇತ್ತು. ಅವರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, “ಅಮ್ಮ ಡಬ್ಬಿ ಜೋಡಿಸೋಕೆ ಹೋಗ್ತೀನಿ,” ಅಂತ ಮಗಳಿಗೆ ಹೇಳಿ ಪರದೆಯ ಹಿಂದೆ ಸೇರಿಕೊಂಡೆ. ಕೋಟಿನೊಳಗೆ ಕೈ ಹೋಯಿತು. ಮಾಮನ ಬೆನ್ನು ಆಗಲೇ ಬೆವರುತ್ತಿತ್ತು. “ಒಂದೇ ಉಸಿರಿಗೆ ಮುಗಿಸಿಬಿಡೋಣ ತಂಗಿ,” ಅಂದರು ಮೆಲ್ಲಗೆ.

ಅಷ್ಟರಲ್ಲಿ ಮಕ್ಕಳ ಕಡೆ ಗಲಾಟೆ. ಐವರಲ್ಲಿ ಒಬ್ಬ ಹುಡುಗಿ ಅಷ್ಟೊಂದು ದೀಪ ನೋಡಿ ಹೆದರಿ, ಅವಳಪ್ಪನ ಕಾಲು ತಬ್ಬಿಕೊಂಡು ಬಿಡಲೇ ಇಲ್ಲವಂತೆ. ನೇರ ಪ್ರಸಾರಕ್ಕೆ ಮೂರು ನಿಮಿಷ. ಐದು ಸೀಟಿನ ಬಸ್ಸು, ನಾಲ್ಕೇ ಮಕ್ಕಳು. ಸೂಚನೆ ಕೇಳಲು ನನ್ನ ಕಿವಿಗೆ ಸಿಕ್ಕಿಸಿದ್ದ ಯಂತ್ರದಲ್ಲಿ ನಿರ್ದೇಶಕಿಯ ಕೂಗು: “ಗಾಜಿನ ಕೋಣೇಲಿ ಒಂದು ಮಗು ಗಿರಗಿರ ತಿರುಗ್ತಾ ಇದೆಯಲ್ಲ, ಅದನ್ನೇ ಕರ್ಕೊಂಡು ಬನ್ನಿ!”

ಗಿರಗಿರ ತಿರುಗುವ ಮಗು ಇನ್ಯಾರು? ‘ಬೇಡ’ ಅನ್ನೋಣವೆಂದರೆ ನನಗೆ ಮೈಕ್ ಇಲ್ಲ. ಎದ್ದು ಹೋಗೋಣವೆಂದರೆ ಕೈ ಎರಡೂ ಇನ್ನೊಬ್ಬರ ಕೋಟಿನಲ್ಲಿ. “ಐದು, ನಾಲ್ಕು, ಮೂರು...” ಅಂತ ಎಣಿಕೆ ಶುರುವಾಯಿತು. ಕೆಂಪು ದೀಪ ಹತ್ತಿತು.

“ಇದು ಡಬ್ಬಿಯಾ?” ಮಾಮನ ದನಿ ಮೊಳಗಿತು.

“ಅಲ್ಲವೇ ಅಲ್ಲ!” ಐದು ಗಂಟಲು. ಅದರಲ್ಲಿ ಒಂದನ್ನು ನಾನು ಸಾವಿರ ಗಂಟಲಿನ ನಡುವೆಯೂ ಗುರುತಿಸಬಲ್ಲೆ.

ಹಾಡು ಹೊರಟಿತು:

ಹತ್ತಿ ಹತ್ತಿ ಡಬ್ಬಿ ಬಸ್ಸು,
ಮುಂದಿನ ಸೀಟು ಯಾರಿಗೆ?
ಅಳೋರಿಗೆ ಕಿಟಕಿ ಪಕ್ಕ,
ನಗೋರೆಲ್ಲ ಮೇಲಕೆ!

ನನ್ನ ಕೈ ಹಾರತೊಡಗಿತು. ಮಡಚು, ಒತ್ತು, ಕತ್ತರಿಸು. ಕಿಟಕಿ ಒಂದು, ಎರಡು, ಮೂರು. ಮಾಮ “ಬಾಗಿಲು ಎಲ್ಲಿ?” ಅಂದ ಕ್ಷಣಕ್ಕೆ ಬಾಗಿಲು ತೆರೆದುಕೊಂಡಿತು. ಮಾಮ ಸೀನಿದರು. ನಾನು ಜೇಬಿನಿಂದ ಕರವಸ್ತ್ರ ತೆಗೆದು ಅವರ ಮೂಗು ಒರೆಸಿದೆ, ಅಂದಾಜಿನ ಮೇಲೆ. ಸ್ವಲ್ಪ ಕಣ್ಣಿಗೂ ತಾಗಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಕಿವಿಯಲ್ಲಿ ನಿರ್ದೇಶಕಿ “ಭೇಷ್, ಭೇಷ್!” ಅನ್ನುತ್ತಿದ್ದರು. ಹನ್ನೊಂದು ನಿಮಿಷ ಹೀಗೆ ಹೋಯಿತು. ನನ್ನ ಬದುಕಿನಲ್ಲಿ ಅಷ್ಟು ಖುಷಿಯಾಗಿ ನಾನು ಕೆಲಸ ಮಾಡಿದ್ದೇ ಇಲ್ಲ.

ಆಗ ಚಕ್ರ ಬಂತು.

“ಯಾರು ನನ್ನ ಕೈಗೆ ಚಕ್ರ ಕೊಡ್ತೀರಿ?” ಅಂದರು ಮಾಮ. ನಾನು ಅಂಗೈ ಚಾಚಿದೆ. ಒಂದೊಂದೇ ಮಗು ಬಂದು ಚಕ್ರ ಇಟ್ಟು ಹೋಯಿತು. ಮೂರನೆಯದು ಆಯಿತು. ನಾಲ್ಕನೆಯದನ್ನು ಇಟ್ಟ ಪುಟ್ಟ ಕೈ ವಾಪಸು ಹೋಗಲಿಲ್ಲ. ಹಾಗೇ ಸರಿದು ನನ್ನ ಕಿರುಬೆರಳನ್ನು ಹಿಡಿದುಕೊಂಡಿತು.

ರಸ್ತೆ ದಾಟುವಾಗ ಬುಗುರಿ ನನ್ನ ಕೈ ಹಿಡಿಯುವುದಿಲ್ಲ. ಕಿರುಬೆರಳು ಮಾತ್ರ ಹಿಡಿಯುತ್ತಾಳೆ, ಬಿಗಿಯಾಗಿ, ತಿರುಚಿದ ಹಾಗೆ.

ಮಾಮ ಮುಂದಿನ ಸಾಲು ಹಾಡಿದರು. ಹಿಡಿತ ಸಡಿಲಲಿಲ್ಲ. ಅಂಗೈಯನ್ನು ಮಗುಚಿ ನೋಡುತ್ತಿದ್ದಾಳೆ ಅಂತ ಗೊತ್ತಾಯಿತು. ಬಿಸಿ ಗೋಂದು ಬಿದ್ದು ಸುಟ್ಟ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿದಳು.

“ಇದು ನಮ್ಮಮ್ಮನ ಕೈ,” ಅಂದಳು ಬುಗುರಿ.

ಹಾಡು ನಿಂತಿತು. ಕಿವಿಯಲ್ಲಿ ನಿರ್ದೇಶಕಿ, “ಹಾಡಿ, ಹಾಡಿ, ನಿಲ್ಲಿಸಬೇಡಿ!” ಅಂದರು. ಮಾಮ ನಗುವ ಪ್ರಯತ್ನ ಮಾಡಿದರು. “ಇಲ್ಲ ಕಂದ, ಇದು ಮಾಮನ ಕೈ. ನೋಡು, ಮಾಮನ ಕೋಟು.”

“ಕೋಟು ನಿಮ್ದು. ಕೈ ನಮ್ಮಮ್ಮಂದು,” ಅಂದಳು. ಅವಳ ದನಿಯಲ್ಲಿ ಜಗಳವಿರಲಿಲ್ಲ. ಕಳೆದುಹೋದ ವಸ್ತು ಯಾರದು ಅಂತ ತಿಳಿಸುವ ಹಾಗೆ ಹೇಳಿದಳು. ಆಮೇಲೆ ಪುಟಪುಟ ಹೆಜ್ಜೆ ಸದ್ದು. ರಟ್ಟಿನ ಮನೆಯ ಪಕ್ಕದಿಂದ ಬಂದು ಪರದೆ ಸರಿಸಿದಳು. ಬೆಳಕು ನನ್ನ ಮುಖಕ್ಕೆ ಬಡಿಯಿತು.

“ಅಮ್ಮಾ! ಇಲ್ಲಿ ಅವಿತುಕೊಂಡಿದ್ದೀಯಾ!”

ಕ್ಯಾಮೆರಾದವರು ಏನು ಮಾಡಿಯಾರು, ಅವಳ ಹಿಂದೆಯೇ ಬಂದುಬಿಟ್ಟಿದ್ದರು. ಎಷ್ಟು ಮನೆಗಳಲ್ಲಿ ಎಷ್ಟು ಮಕ್ಕಳು ಈಗ ನೋಡುತ್ತಿದ್ದಾರೋ! ಐದು ವರ್ಷ ಕಾಪಾಡಿದ ಗುಟ್ಟು, ಸ್ಟೂಲಿನ ಮೇಲೆ ಬೆವೆತು ಕೂತ ಒಬ್ಬ ಹೆಂಗಸು. ಅಳು ಬಂತು. ಅದಕ್ಕಿಂತ ಮೊದಲೇ ನಗು ಬಂತು. ಯಾಕೆಂದರೆ ಮಗಳ ಮುಖ ಅಷ್ಟು ಬೆಳಗುತ್ತಿತ್ತು. ಅದರಲ್ಲಿ ಮುರಿದ ಮನಸ್ಸು ಎಲ್ಲಿತ್ತು?

“ಹೂಂ. ಸಿಕ್ಕಿಬಿದ್ದೆ,” ಅಂದೆ.

ಮಾಮ ನಾಟಕದವರಲ್ಲವೇ, ಆ ಒಂದು ಮಾತು ಅವರಿಗೆ ಸಾಕಾಯಿತು. “ಸಿಕ್ಕಿಬಿದ್ರು! ನಾವಿಬ್ಬರೂ ಸಿಕ್ಕಿಬಿದ್ವಿ!” ಅಂತ ಧಡಕ್ಕನೆ ಎದ್ದರು. ಕೋಟಿನಲ್ಲಿ ಸಿಕ್ಕಿಕೊಂಡಿದ್ದ ನಾನೂ ಅವರ ಜೊತೆ ಮೇಲೆದ್ದೆ. ರಟ್ಟಿನ ಗೋಡೆ ಚರ್ರೆಂದು ಹರಿಯಿತು. ಇಬ್ಬರೂ ಒಂದೇ ಕೋಟಿನಲ್ಲಿ ತೂರಾಡುತ್ತ ಮುಂದೆ ಬಂದೆವು. ಎರಡು ತಲೆ, ನಾಲ್ಕು ಕಾಲು.

ಮಕ್ಕಳು ಕಿರುಚಿದರು. ಅದು ಹೆದರಿದ ಕಿರುಚಾಟವಲ್ಲ, ಕುಣಿಯುವ ಕಿರುಚಾಟ.

ಮಾಮ ತಮ್ಮ ನಿಜವಾದ ಕೈಗಳನ್ನು ಕೋಟಿನಿಂದ ಹೊರಗೆ ಎಳೆದು, ಎರಡನ್ನೂ ಕ್ಯಾಮೆರಾದ ಮುಂದೆ ಹಿಡಿದರು. “ನೋಡಿ ಮಕ್ಕಳೇ, ಇವು ನನ್ನ ಕೈ. ಇವಕ್ಕೆ ತಾಳ ಹಾಕೋಕೆ ಬರುತ್ತೆ. ಕತ್ತರಿಸೋಕೆ ಬರಲ್ಲ. ಇಷ್ಟು ದಿನ ಕತ್ತರಿಸಿದ್ದೆಲ್ಲ ಇವರು.”

ಕೆಂಪು ಅಂಗಿಯ ಒಬ್ಬ ಪುಟಾಣಿ ಮುಂದೆ ಬಂದ. “ನಂಗೂ ಕತ್ತರಿಸೋಕೆ ಬರಲ್ಲ,” ಅಂದ. ಸ್ವಲ್ಪ ಯೋಚಿಸಿ, “ನಂಗೂ ಇವ್ರನ್ನ ಕೊಡ್ತೀರಾ?” ಅಂತ ನನ್ನ ಕಡೆ ಬೆರಳು ತೋರಿಸಿದ.

ಅಲ್ಲಿಂದ ಮುಂದಿನದನ್ನು ಯಾರೂ ಬರೆದಿರಲಿಲ್ಲ, ಯಾರೂ ಅಭ್ಯಾಸ ಮಾಡಿರಲಿಲ್ಲ. ಪುಟಾಣಿಯ ಹಿಂದೆ ಮೊಣಕಾಲೂರಿ, ಅವನ ತೋಳಿನ ಪಕ್ಕ ನನ್ನ ಕೈ ಚಾಚಿ, ಕೊನೆಯ ಚಕ್ರ ಕೂರಿಸಿದೆ. “ನಾನೇ ಮಾಡ್ದೆ!” ಅಂತ ಅವನು ಎಗರಿದ. ಇನ್ನಿಬ್ಬರು ತಮ್ಮ ತಮ್ಮಲ್ಲೇ ಆಟ ಹಿಡಿದರು. ಒಬ್ಬಳು ಮುಖ, ಇನ್ನೊಬ್ಬಳು ಕೈ. ಕೈಯಾದವಳು ಮುಖದವಳ ಕೂದಲನ್ನೆಲ್ಲ ಕೆದರಿ ಹಾಕಿದಳು. ಹರಿದ ಗೋಡೆಯ ರಟ್ಟನ್ನು ತಂದು ನಾನು ದೊಡ್ಡ ಬಸ್ಸೇ ಮಾಡಿಬಿಟ್ಟೆ, ಎಲ್ಲರೂ ಹಿಡಿಸುವಷ್ಟು. ಅಂಚು ಸೊಟ್ಟಗಿತ್ತು, ಒಂದು ಕಡೆ ಕಿಟಕಿಯೇ ಇರಲಿಲ್ಲ. ಬುಗುರಿ ಕಂಡಕ್ಟರ್ ಆದಳು. “ಟಿಕೆಟ್ ಇಲ್ದೋರು ಇಳೀರಿ!” ಅಂತ ಮಾಮನನ್ನೇ ಇಳಿಸಿದಳು. ಮಾಮ ರಸ್ತೆಯಲ್ಲಿ ಕೂತು ಗೋಳೋ ಅಂತ ಅಳುವ ನಾಟಕ ಮಾಡಿದರು. ಆಗ ಅಪ್ಪನ ಕಾಲು ತಬ್ಬಿ ನಿಂತಿದ್ದ ಆ ಹುಡುಗಿ ತಾನಾಗಿ ಓಡಿ ಬಂದು, “ಅಳೋರಿಗೆ ಕಿಟಕಿ ಪಕ್ಕ” ಅಂತ ಅವರನ್ನು ಎಬ್ಬಿಸಿ, ಜೊತೆಗೆ ತಾನೂ ಬಸ್ಸು ಹತ್ತಿದಳು.

ಸಮಯ ಮುಗಿದದ್ದು ನಮಗೆ ಗೊತ್ತೇ ಆಗಲಿಲ್ಲ. ದೀಪ ಆರಿದ ಮೇಲೂ ಬಸ್ಸು ಓಡುತ್ತಲೇ ಇತ್ತು.

ನಿರ್ದೇಶಕಿ ಮೆಟ್ಟಿಲಿಳಿದು ಬಂದರು. ನಾನು ಕೋಟು ಮಡಚುತ್ತ, “ತಪ್ಪಾಯ್ತು ಮೇಡಂ, ಅವಳು ನನ್ನ ಮಗಳು ಅಂತ ಹೇಳೋಕೆ ಆಗಲಿಲ್ಲ,” ಅಂತ ಶುರುಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿದರು.

“ತಪ್ಪು ನಿಮ್ಮದಲ್ಲ, ನಂದು. ಐದು ವರ್ಷದ ತಪ್ಪು,” ಅಂದರು. “ಫೋನ್ ಒಂದೇ ಸಮನೆ ಬಡ್ಕೊಳ್ತಿದೆ. ಒಬ್ಬ ತಾಯಿ ಬೈದ್ರು. ಅವರ ಇಬ್ಬರು ಮಕ್ಕಳು ಅಪ್ಪನ ಒಳ್ಳೇ ಕೋಟಿನೊಳಗೆ ಹೊಕ್ಕು ಹೊಲಿಗೆ ಬಿಚ್ಚಿಬಿಟ್ರಂತೆ. ಮಿಕ್ಕವರೆಲ್ಲ ಕೇಳ್ತಿರೋದು ಒಂದೇ, ಕೈಯಮ್ಮ ಮತ್ತೆ ಯಾವಾಗ ಬರ್ತಾರೆ?”

“ಯಾವ ಕೈಯಮ್ಮ?”

“ನೀವೇ ರೀ! ಸೋಮವಾರದಿಂದ ಮುಂದೆ ಕೂತ್ಕೊಳ್ಳಿ. ಮುಖ ಸಮೇತ.”

ಕೈಗಾದರೆ ಮಾತು ಬೇಕಿಲ್ಲ, ಮುಖಕ್ಕೆ ಬೇಕಲ್ಲ. ಮಾಮ ನನ್ನ ಹೆಗಲು ತಟ್ಟಿ, “ಮಾತು ನಾನು ಹೇಳಿಕೊಡ್ತೀನಿ, ಬದಲಿಗೆ ನೀನು ನನಗೆ ಒಂದು ವೃತ್ತ ಕಲಿಸು,” ಅಂದರು.

“ಮನೇಲಿ ಒಂದು ಮಾತು ಕೇಳಿ ಹೇಳ್ತೀನಿ,” ಅಂದೆ.

ಅಷ್ಟು ಹೊತ್ತಿಗೆ ನಮ್ಮಮ್ಮ ಗಾಜಿನ ಕೋಣೆಯಿಂದ ಏದುಸಿರು ಬಿಡುತ್ತ ಬಂದಿದ್ದಳು. “ಕೇಳೋದೇನಿದೆ? ಮನೆ ಅಂದ್ರೆ ನಾನೇ. ಬರ್ತಾಳೆ ಅಂತ ಬರ್ಕೊಳ್ಳಿ,” ಅಂದಳು ನಿರ್ದೇಶಕಿಗೆ. ಆಮೇಲೆ ನನ್ನನ್ನು ಪಕ್ಕಕ್ಕೆ ಎಳೆದು ಪಿಸುಗುಟ್ಟಿದಳು: “ಆ ಬಸ್ಸಿಗೆ ವಯಸ್ಸಾದ ಪ್ಯಾಸೆಂಜರ್ ಒಬ್ರು ಬೇಕಾಗಬಹುದಾ ಅಂತ ಮೆಲ್ಲಗೆ ಕೇಳಿ ನೋಡೆ.”

ಬುಗುರಿ ನಮ್ಮಿಬ್ಬರ ನಡುವೆ ತೂರಿಕೊಂಡು ನಿಂತಳು. ನನ್ನ ಮುಖವನ್ನೇ ನೋಡುತ್ತಿದ್ದಳು, ಹೊಸಬರನ್ನು ನೋಡುವ ಹಾಗೆ.

“ಅಮ್ಮ, ಆ ಆಮೆಯನ್ನೂ ನೀನೇ ಮಾಡಿದ್ದಾ?”

“ಹೂಂ.”

“ಹಡಗು?”

“ಅದೂ.”

“ಹಲ್ಲಿನ ಡಾಕ್ಟರ ಕುರ್ಚಿ?”

“ಅದೂ ಕಣೆ.”

ಅವಳು ದೊಡ್ಡದಾಗಿ ಉಸಿರೆಳೆದುಕೊಂಡಳು. “ಹಾಗಾದ್ರೆ ನಡಿ, ಬೇಗ ಮನೆಗೆ ಹೋಗೋಣ. ನಂಗೆ ಒಂದು ಆನೆ ಬೇಕು. ನಿಜವಾದ ಆನೆಯಷ್ಟೇ ದೊಡ್ಡದು. ಇವತ್ತೇ!”

ಬಾಗಿಲ ಬಳಿ ರಾಶಿ ಬಿದ್ದಿದ್ದ ಖಾಲಿ ಡಬ್ಬಿಗಳನ್ನು ಮಾಮ, ಅಮ್ಮ, ನಾನು ಕೈ ತುಂಬ ಎತ್ತಿಕೊಂಡೆವು. ದಾರಿ ಕಾಣಿಸದಷ್ಟು ಎತ್ತರಕ್ಕೆ ಪೇರಿಸಿಕೊಂಡು ಹೊರಟೆವು. ಮುಂದೆ ಬುಗುರಿ, “ಸರೀರಿ, ಸರೀರಿ, ಆನೆ ಬರ್ತಿದೆ!” ಅಂತ ಕೂಗುತ್ತ ಓಡುತ್ತಿದ್ದಳು.