ಗಂಟು ಹಾಕುವ ಸನ್ನೆ

ಶೇವಂತಿಯ ಬಾಯಿಗೆ ಮಗ್ಗಗಳೂ ಹೆದರುತ್ತವೆ ಎಂದು ಬನಹಟ್ಟಿಯ ಮಹಾಲಿಂಗಪ್ಪನವರ ಸೀರೆ ಕಾರ್ಖಾನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಮೇಲ್ವಿಚಾರಕಿಯಾದ ಆಕೆಗೆ ಅದು ಬಿರುದು ಸಿಕ್ಕಂತೆ. ಆದರೆ ಪವರ್‌ಲೂಮಿನ ಸದ್ದಿನಲ್ಲಿ ಎಂಥವರ ಬಾಯಿಯೂ ನಡೆಯದು. ಅಲ್ಲಿ ನಡೆಯುವುದು ಕೈಸನ್ನೆ. ಎರಡು ತೋರುಬೆರಳು ಕೊಕ್ಕೆ ಹಾಕಿ ಎಳೆದು ತೋರಿಸಿದರೆ, ‘ಎಳೆ ಹರಿದಿದೆ, ಗಂಟು ಹಾಕಿ ನಡೆಸು’ ಎಂದರ್ಥ. ಎಳೆ ಹರಿಯಿತೆಂದು ಅಲ್ಲಿ ಯಾರೂ ನಾಚುವುದಿಲ್ಲ.

ಸೀರೆಯ ವಿನ್ಯಾಸ ಬರೆಯುವ ನೇತ್ರಾಳ ಮೇಲೆ ಶೇವಂತಿಗೆ ಸಿಟ್ಟಿತ್ತು. ಹೋದ ಸಲ ವ್ಯಾಪಾರಿಗಳೆದುರು ಮಾತಾಡೆಂದರೆ ಹುಡುಗಿ ಹೊಟ್ಟೆನೋವೆಂದು ಎದ್ದು ಹೋಗಿದ್ದಳು. ಅವಳು ಬರೆದ ಅಂಚನ್ನು ಮಾರಾಟದ ಮಾಂತೇಶ ವಿವರಿಸಿದ. ಊರೆಲ್ಲ ಅದು ‘ಮಾಂತೇಶನ ಅಂಚು’ ಆಗಿಹೋಯಿತು. ಹೊಸ ಸೀರೆ ನೋಡಲು ವ್ಯಾಪಾರಿಗಳು ಮತ್ತೆ ಬರುವ ಸುದ್ದಿ ಬಂದ ದಿನ, “ಏನ್ ಸೊಕ್ಕ ಈಕೀಗೆ!” ಎನ್ನುತ್ತ ಶೇವಂತಿ ಹುಡುಕಿಕೊಂಡು ಹೋದರೆ, ನೇತ್ರಾ ನೂಲಿನ ಕೋಣೆಯಲ್ಲಿ ಗೋಡೆ ಹಿಡಿದು ನಡುಗುತ್ತಿದ್ದಳು.

“ಎಲ್ಲಾರೂ ನನ್ನ ಕಡೆ ನೋಡಾಕ ಹತ್ತಿದ್ರ ಎದಿ ಹೊಡ್ಕೋತೈತ್ರಿ ಅಕ್ಕಾ. ನಾಲಿಗಿ ಒಣಗತೈತಿ. ಮನೀಗೆ ಹೋದ ಮ್ಯಾಲೂ ಅದನ್ನ ನೆನಸ್ತೇನ್ರಿ.”

ಇಂಥ ಹೊತ್ತಿನಲ್ಲಿ ‘ಧೈರ್ಯ ಮಾಡು’ ಎನ್ನುವುದು ಲೋಕದ ರೂಢಿ. ಹೇಳುವವರದೇನು ಹೋಗುತ್ತದೆ? ಶೇವಂತಿಯ ನಾಲಿಗೆ ತುದಿಗೂ ಅದೇ ಬಂದಿತ್ತು, ನುಂಗಿಕೊಂಡಳು. ಪಾಪ, ಇದು ಸೊಕ್ಕಲ್ಲ ಎಂದು ಅವಳಿಗೆ ಅರಿವಾಯಿತು.

“ಏನ್ ಮಾಡಿದ್ರ ನಿನಗ ಹಗರ ಆಗತೈತಿ, ಹೇಳ ಬೇ.”

“ಮಂದಿ ನನ್ನ ಮಾರಿ ನೋಡಬಾರ್ದ್ರಿ, ಸೀರಿ ನೋಡ್ಬೇಕು. ನಡುವ ಮಾತ ನಿಂತ್ರ ಯಾರೂ ಅವಸರ ಮಾಡಬಾರ್ದು.”

ಈ ಸಲ ಜಮಖಂಡಿ, ಮುಧೋಳದ ವ್ಯಾಪಾರಿಗಳು ಬರುವ ಮೊದಲೇ ಶೇವಂತಿ ಕುರ್ಚಿಗಳ ಸಾಲು ಎತ್ತಿಸಿ, ಉದ್ದನೆಯ ಮೇಜಿನ ಮೇಲೆ ಹೊಸ ಸೀರೆ ಹಾಸಿದಳು. ನೋಡುವವರು ಅದರ ಸುತ್ತ ನಿಲ್ಲಬೇಕು. “ನಡುವ ಬಾಯಿ ಹಾಕಬ್ಯಾಡ್ರಿ,” ಎಂದು ಮಾಲೀಕರಿಗೇ ತಾಕೀತು ಮಾಡಿದಳು.

“ಆತು. ಆದ್ರ ಇವತ್ತೂ ಆಕಿ ಎದ್ದು ಹೋದ್ರ, ಈ ಸೀರೀನೂ ಮಾಂತೇಶಂದ ಆಗತೈತಿ ನೋಡು,” ಎಂದರು ಮಹಾಲಿಂಗಪ್ಪ.

ನೇತ್ರಾ ಸೀರೆಯ ಸೆರಗಿನ ಮೇಲೆ ಕೈಯಿಟ್ಟು ಶುರು ಮಾಡಿದಳು. ಸೆರಗು ಮುಗಿದು ಅಂಚಿಗೆ ಬರುವವರೆಗೆ ಮಾತು ಸರಾಗವಾಗಿತ್ತು. ಅಷ್ಟರಲ್ಲಿ ಮುಧೋಳದ ವ್ಯಾಪಾರಿ ತಲೆಯೆತ್ತಿ ಅವಳನ್ನೇ ನೋಡಿದರು. ಮಾತು ಕಡಿದುಹೋಯಿತು. ಮಾಂತೇಶ ಗಂಟಲು ಸರಿಮಾಡಿಕೊಂಡ. ನೇತ್ರಾ ಬಾಗಿಲ ಕಡೆ ನೋಡಿದಳು.

ಬಾಗಿಲಲ್ಲಿ ಶೇವಂತಿ ನಿಂತಿದ್ದಳು. ಎರಡು ತೋರುಬೆರಳು ಕೊಕ್ಕೆ ಹಾಕಿ ಎಳೆದು ತೋರಿಸಿದಳು.

ನೇತ್ರಾ ಉಸಿರೆಳೆದುಕೊಂಡಳು. ಯಾರೂ ಅವಸರ ಮಾಡಲಿಲ್ಲ.

“ಈ ಅಂಚ ನಂದ್ರಿ,” ಎಂದಳು. “ನಾನ ಬರದದ್ದು.” ದನಿ ನಡುಗಿತು, ನಿಲ್ಲಲಿಲ್ಲ. ಅಂಚಿನ ಕೊನೆಯವರೆಗೂ ಹೇಳಿ ಮುಗಿಸಿದಳು.

“ಮುಧೋಳಕ್ಕಷ್ಟ ಅಲ್ಲ, ನಮ್ಮ ಬೀಳಗಿ ಅಂಗಡಿಗೂ ಇದ ಬೇಕ್ರಿ, ಈ ನೇತ್ರಾನ ಅಂಚು,” ಎಂದರು ಮುಧೋಳದ ವ್ಯಾಪಾರಿ. ಆ ಹೆಸರು ಕೇಳಿ ಶೇವಂತಿಗೆ ಮೈಯೆಲ್ಲ ಹಿಗ್ಗು.

“ಶೇವಂತಿ, ನಿಂದೂ ಎರಡ ಮಾತ ಆಗ್ಲಿ,” ಎಂದರು ಮಹಾಲಿಂಗಪ್ಪ.

ಮಾತಿಗೆಂದೂ ಬರವಿಲ್ಲದ ಶೇವಂತಿ ಜಂಬದಿಂದಲೇ ಮುಂದೆ ಬಂದಳು. “ಈಕಿ ನಮ್ಮ ಹುಡುಗಿ...” ಎಂದಳು. ಅಷ್ಟೇ. ಹೆಮ್ಮೆ ಉಕ್ಕಿ ಮುಂದಿನ ಮಾತೇ ಹೊರಡಲಿಲ್ಲ. ಎಲ್ಲರೂ ಅವಳ ಮುಖವನ್ನೇ ನೋಡತೊಡಗಿದರು.

ಮೇಜಿನ ಆಚೆ ನಿಂತ ನೇತ್ರಾ ನಗುತ್ತ ಎರಡು ತೋರುಬೆರಳು ಕೊಕ್ಕೆ ಹಾಕಿ, ಎಳೆದು ತೋರಿಸಿದಳು.